ಸಂಪಾದಕೀಯ: ಈ ದಾರಿ ಯಾರು ಮಾಡಿದ್ದು?

ರಾಜ್ಯೋತ್ಸವ ಸಂಚಿಕೆ ಇಂದು ರಾತ್ರಿ ಎಲ್ಲರ ಇಮೇಲಿಗೆ ಹೋಗಬೇಕು, ಈ ಪುಟವೊಂದೇ ಬಾಕಿ. ಕನ್ನಡ ಶಾಲೆಯ ಮಕ್ಕಳನ್ನು ಬೆಲ್ಲಾ ವಿಸ್ಟಾ ಊರಿನ ಕಾಡುದಾರಿಗಳ ಜಾಗವಾದ ಬ್ಲೋಯಿಂಗ್ ಸ್ಪ್ರಿಂಗ್ಸ್‌ಗೆ ಕರೆದುಕೊಂಡು ಹೋಗಿದ್ದಾಗ ಎರಡನೇ ತರಗತಿಯ ಹುಡುಗಿಯೊಬ್ಬಳು, "ಈ ದಾರಿ ಯಾರು ಮಾಡಿದ್ದು? ಕಾಡು ಹುಟ್ಟಿದಾಗಲೇ ಇತ್ತಾ?" ಎಂದು ಕೇಳಿದಳಂತೆ. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು ಎಂದು ಟೀಚರ್ ಬರೆದು ಕಳಿಸಿದ್ದಾರೆ. ವಾರಾಂತ್ಯ ಬಂದರೆ ನಮ್ಮವರ ಕಾರುಗಳೆಲ್ಲ ಅಲ್ಲಿನ ಕಾಡುದಾರಿ ಶುರುವಾಗುವ ಟ್ರೇಲ್‌ಹೆಡ್‌ಗಳಲ್ಲೇ ನಿಂತಿರುತ್ತವೆ. ಆ ಮಗುವಿಗೆ ಸರಿಯಾದ ಉತ್ತರ ಸಲ್ಲಬೇಕು.

ಅಮೆರಿಕದ ಅರ್ಕನ್ಸಾ ರಾಜ್ಯದ ಬೆಲ್ಲಾ ವಿಸ್ಟಾ 1965ರಲ್ಲಿ ಜಾನ್ ಕೂಪರ್ ಎಂಬ ಉದ್ಯಮಿ ಕಟ್ಟಲು ತೊಡಗಿದ ಊರು. ಓಝಾರ್ಕ್ ಗುಡ್ಡಗಳ ಹಳ್ಳಗಳಿಗೆ ಒಡ್ಡು ಹಾಕಿ ಕೆರೆ ಮಾಡಿದರು: ಲಾಕ್ ಲೋಮಂಡ್, ವಿಂಡ್ಸರ್, ಆ್ಯನ್, ಅವಲಾನ್, ನಾರ್‌ವುಡ್, ರೇಬರ್ನ್, ಬ್ರಿಟನಿ. ರಸ್ತೆಗಳು ಗುಡ್ಡದ ನೆತ್ತಿಯ ಮೇಲೆ, ಮನೆಗಳು ರಸ್ತೆಯ ಅಕ್ಕಪಕ್ಕ. ಮನೆ ಕಟ್ಟಲಾಗದಷ್ಟು ಕಡಿದಾದ ಕಣಿವೆಗಳು ಕಾಡಾಗಿಯೇ ಉಳಿದು, ನಿವೇಶನದಾರರ ಸಂಘದ ಸಾಮಾನ್ಯ ಆಸ್ತಿಯಾದವು. ಊರಿಗೆ ನಗರಾಡಳಿತ ಬಂದದ್ದು 2007ರಲ್ಲಿ. ಹಾಗೆ ಮಿಕ್ಕಿದ ಕಣಿವೆಗಳಲ್ಲೇ ಇಂದು ನಾವು ಓಡಾಡುವ ದಾರಿಗಳಿವೆ. 2016ರಲ್ಲಿ ಸುಮಾರು 40 ಮೈಲಿಯ ಬ್ಯಾಕ್ ಫಾರ್ಟಿ ಎಂಬ ದಾರಿ ಆಯಿತು, ಆಮೇಲೆ ಲಿಟಲ್ ಶುಗರ್ ಎಂಬುದು ಬಂತು. ದೊಡ್ಡ ಪಾಲು ಹಣ ಬಂದದ್ದು ವಾಲ್‌ಮಾರ್ಟಿನ ವಾಲ್ಟನ್ ಕುಟುಂಬದ ಪ್ರತಿಷ್ಠಾನದಿಂದ. ಈಗ ಊರಿನಲ್ಲಿ 100 ಮೈಲಿಗೂ ಹೆಚ್ಚು ಮಣ್ಣಿನ ದಾರಿ ಇದೆ, ರಸ್ತೆ ಅಡ್ಡ ಬಂದ ಹಲವು ಕಡೆ ಅದರಡಿಯ ಸುರಂಗದಲ್ಲಿ ದಾಟಿಸುತ್ತಾರೆ.

ಇಂಥ ದಾರಿಯ ಕೆಲಸ ಶುರುವಾಗುವುದು ನಕ್ಷೆಯ ಮುಂದೆ. ಯಾವ ಜಾಗ ಸಂಘದ್ದು, ಯಾವುದು ಖಾಸಗಿ ನಿವೇಶನ ಎಂದು ಮೊದಲು ಗುರುತಿಸಬೇಕು. ಸರ್ವೆಯವರು ನೆಟ್ಟ ಕಬ್ಬಿಣದ ಗೂಟವನ್ನು ಯಾವ ಕಾರಣಕ್ಕೂ ಕೀಳಬಾರದು. ಇಲ್ಲಿನ ಬಹುತೇಕ ಮನೆಗಳಿಗೆ ಸೆಪ್ಟಿಕ್ ಟ್ಯಾಂಕು, ಅದರ ನೀರು ಇಂಗುವ ಜಾಗವನ್ನು ತುಳಿದು ಗಟ್ಟಿ ಮಾಡಿದರೆ ಮನೆಯವರ ಟ್ಯಾಂಕು ಕಟ್ಟಿಕೊಳ್ಳುತ್ತದೆ. ಅಗೆಯುವ ಮುನ್ನ 811ಕ್ಕೆ ಫೋನ್ ಮಾಡಿದರೆ ನೆಲದಡಿಯ ಪೈಪು, ಕೇಬಲ್ಲುಗಳ ಮೇಲೆ ಬಣ್ಣ ಹಚ್ಚಿ ಹೋಗುತ್ತಾರೆ. ಮನೆಗಳ ಹಿಂದೆ ದಾರಿ ಹೋಗುವಾಗ ಡೆಕ್ಕಿನಲ್ಲಿ ಕೂತವರ ಕಣ್ಣಿಗೆ ನೇರ ಬೀಳದಷ್ಟು ಕೆಳಗೆ ಇಳಿಸಬೇಕು, ನಡುವಿನ ಮರಗಿಡ ಮುಟ್ಟಬಾರದು. ವಿರೋಧ ಏಳುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ, ಮತ್ತು ಮನೆಯವರ ಆಕ್ಷೇಪ ನ್ಯಾಯವಾದದ್ದೇ.

ಆಮೇಲೆ ಕಾಡಿಗೆ ಇಳಿಯುವುದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಓಕ್, ಹಿಕರಿ ಮರಗಳು ಬೋಳಾಗಿ ನೆಲದ ಏರಿಳಿತ ಪೂರ್ತಿ ಕಾಣುತ್ತದೆ. ಅದೇ ಜಾಗವನ್ನು ಜೋರು ಮಳೆಯಲ್ಲಿ ಇನ್ನೊಮ್ಮೆ ನೋಡಬೇಕು, ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಆಗ ಮಾತ್ರ ತಿಳಿಯುತ್ತದೆ. ಕೈಯಲ್ಲಿ ಏರಿಳಿತ ಅಳೆಯುವ ಕ್ಲೈನೋಮೀಟರ್ ಮತ್ತು ಬಣ್ಣದ ಬಾವುಟದ ಸಣ್ಣ ಕಡ್ಡಿಗಳು. ಒಬ್ಬರು ಮುಂದೆ ನಿಲ್ಲುತ್ತಾರೆ, ಹಿಂದಿನವರು ಅವರ ಮೈಮೇಲೆ ತಮ್ಮ ಕಣ್ಣಿನ ಎತ್ತರಕ್ಕೆ ಗುರುತಿಟ್ಟ ಜಾಗ ನೋಡಿ ಏರನ್ನು ಅಳೆಯುತ್ತಾರೆ. ಶೇ. 10 ಎಂದರೆ 100 ಅಡಿಗೆ 10 ಅಡಿ ಏರು. ಒಟ್ಟು ದಾರಿಯ ಸರಾಸರಿ ಏರು ಶೇ. 10 ಮೀರಬಾರದು. ಜೊತೆಗೆ, ದಾರಿಯ ಏರು ಅದು ಹಾದುಹೋಗುವ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಗುಡ್ಡ ಶೇ. 12ರಷ್ಟೇ ಇಳಿಜಾರಾಗಿದ್ದರೆ ದಾರಿ ಶೇ. 6ರೊಳಗೆ. ಇದನ್ನು ಮೀರಿದರೆ ಮಳೆನೀರು ದಾರಿಯನ್ನು ಅಡ್ಡ ದಾಟಿ ಹೋಗುವ ಬದಲು ದಾರಿಯಲ್ಲೇ ಇಳಿಯುತ್ತದೆ. ಒಂದೆರಡು ಮಳೆಗಾಲದಲ್ಲಿ ಅದು ಕೊರಕಲಾಗುತ್ತದೆ, ಜನ ಕೊರಕಲು ಬಿಟ್ಟು ಪಕ್ಕದಲ್ಲಿ ನಡೆಯುತ್ತಾರೆ, ಅಲ್ಲೂ ಕೊರಕಲು. ಪಶ್ಚಿಮ ಘಟ್ಟದ ಹುಲ್ಲುಗುಡ್ಡಗಳಲ್ಲಿ ಚಾರಣದ ಜಾಡು ನಾಲ್ಕೈದು ಸೀಳಾಗಿ ಮೇಲೇರುವುದನ್ನು ನೋಡಿದ್ದೀರಲ್ಲ, ನೇರ ನೆತ್ತಿಗೆ ಹತ್ತುವ ದಾರಿಗಳ ಪಾಡು ಅದೇ. (ಡಿಸೆಂಬರಿನಲ್ಲಿ ಊರಿಗೆ ಹೋಗುವವರು ಗಮನಿಸಿ: ಕರ್ನಾಟಕ ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಆನ್‌ಲೈನಿನಲ್ಲಿ ಮುಂಚೆಯೇ ನೋಂದಾಯಿಸಬೇಕು, ದಿನಕ್ಕೆ ಇಂತಿಷ್ಟೇ ಜನ.)

ಕೆರೆ ಇರುವ ಊರಿನಲ್ಲಿ ಎಲ್ಲರೂ ಕೇಳುವುದು ನೀರಿನಂಚಿನ ದಾರಿಯನ್ನೇ. ಮಾಡಿದರೆ ಉಳಿಯುವುದಿಲ್ಲ. ಅಂಚು ಸಮತಟ್ಟು, ಮಣ್ಣು ಮೆತ್ತಗೆ, ನೀರಿಗೆ ಹೋಗಲು ಇಳಿಜಾರಿಲ್ಲ. ಸೈಕಲ್ ಹಾದಷ್ಟೂ ಕೆಸರು, ಕೆಸರು ಹೋಗಿ ಸೇರುವುದು ಕೆರೆಗೆ. ಮಣ್ಣಿನ ಜೊತೆ ಹೋಗುವ ರಂಜಕ ಪಾಚಿಗೆ ಗೊಬ್ಬರವಾಗುತ್ತದೆ. ಆದ್ದರಿಂದ ಮುಖ್ಯ ದಾರಿಯನ್ನು ಗುಡ್ಡದ ಓರೆಯಲ್ಲಿ 15–20 ಅಡಿ ಮೇಲೆ ಒಯ್ದು, ಬಂಡೆ ಇರುವ ಗಟ್ಟಿ ಜಾಗ ನೋಡಿ ಅಲ್ಲಿ ಮಾತ್ರ ನೀರಿನವರೆಗೆ ಒಂದು ಕವಲು ಇಳಿಸುವುದು ಒಳ್ಳೆಯದು. ಒಡ್ಡಿನ ಮೇಲೆ ಅಗೆಯುವುದಂತೂ ಕೂಡದು.

ಗುರುತು ಮುಗಿದ ಮೇಲೆ ಗಿಡಗಂಟಿ ಬಿಡಿಸುವುದು. ಸೈಕಲ್ ಹೋಗುವ ದಾರಿಗೆ 8 ಅಡಿ ಎತ್ತರ ಬೇಕು, ಎಲೆ ಒದ್ದೆಯಾದಾಗ ಕೊಂಬೆ ಜೋಲುತ್ತದೆಂದು ಇನ್ನೂ ಒಂದೆರಡು ಅಡಿ ಹೆಚ್ಚೇ ಬಿಡುತ್ತಾರೆ. ಸಣ್ಣ ಮರ ತೆಗೆಯಬೇಕಾದರೆ ನೆಲಮಟ್ಟಕ್ಕೆ ಕತ್ತರಿಸಬಾರದು. ಮೂರು ನಾಲ್ಕಡಿ ಬುಡ ಬಿಟ್ಟು, ಅದನ್ನೇ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ಬೇರುಸಮೇತ ಕೀಳಬೇಕು. ನೆಲದಲ್ಲಿ ಉಳಿದ ಮೊಳೆಯಂಥ ಬುಡವೇ ಮುಂದೆ ಸೈಕಲ್ ಸವಾರರನ್ನು ಬೀಳಿಸುವುದು. ದೊಡ್ಡ ಮರ ಸಿಕ್ಕರೆ ದಾರಿ ಅದರ ಮೇಲ್ಬದಿಯಲ್ಲಿ ಹಾಯಲಿ. ಕೆಳಬದಿಯಲ್ಲಿ ಅಗೆದರೆ ಬುಡದ ಮಣ್ಣೇ ಸಡಿಲವಾಗಿ ಮರ ವಾಲುತ್ತದೆ.

ಅಗೆತದಲ್ಲಿ ಮುಖ್ಯವಾದ ಮಾತು: ಇಡೀ ದಾರಿ ಗುಡ್ಡವನ್ನು ಕಡಿದ ಗಟ್ಟಿ ನೆಲದ ಮೇಲೆ ಕೂರಬೇಕು. ಅರ್ಧ ಕಡಿದು, ಆ ಮಣ್ಣನ್ನೇ ಹೊರಗಡೆ ತುಂಬಿ ಅಗಲ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ತುಂಬಿದ ಮಣ್ಣು ಮೊದಲ ವರ್ಷವೇ ಜಾರುತ್ತದೆ. ಮೇಲಿನ ತರಗೆಲೆ, ಕೊಳೆತ ಎಲೆಯ ಕಪ್ಪು ಮಣ್ಣನ್ನು ಪೂರ್ತಿ ಎಳೆದುಹಾಕಿ ಕೆಳಗಿನ ಕೆಂಪು ಜೇಡಿಯವರೆಗೆ ಹೋಗಬೇಕು. ಕಪ್ಪು ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರ ಮೇಲೆ ದಾರಿ ನಿಲ್ಲುವುದಿಲ್ಲ. ಓಝಾರ್ಕಿನಲ್ಲಿ ಮಣ್ಣು ತೆಳು, ಚೂಪಾದ ಚರ್ಟ್ ಕಲ್ಲು ಬೇಕಾದಷ್ಟು, ಹಾಗಾಗಿ ಸಲಿಕೆಗಿಂತ ಪಿಕಾಸಿಗೇ ಕೆಲಸ ಜಾಸ್ತಿ. ಪುಲಾಸ್ಕಿ ಎಂಬ, ಒಂದು ಕಡೆ ಕೊಡಲಿ ಇನ್ನೊಂದು ಕಡೆ ಗುದ್ದಲಿ ಇರುವ ಹತಾರ ಬೇರಿಗೆ. ಮೆಕ್ಲೌಡ್ ಎಂಬ, ಹಲ್ಲಿನ ಕುಂಟೆ ಮತ್ತು ಅಗಲ ಅಲಗು ಎರಡೂ ಇರುವುದು ಎಳೆಯಲು, ಸಮ ಮಾಡಲು, ಬಡಿದು ಕೂರಿಸಲು. ದಾರಿ ಎರಡರಿಂದ ಮೂರಡಿ ಅಗಲ, ಹೊರಗಡೆಗೆ ಶೇ. 5ರಷ್ಟು ವಾಟ. ನೀರಿನ ಬಾಟಲಿಯನ್ನು ದಾರಿಗುಂಟ ಮಲಗಿಸಿ ಬಿಟ್ಟರೆ ಅದು ಹೊರಗಡೆಗೆ ಉರುಳಬೇಕು. ಒಳಗಡೆಯ ಧರೆಯನ್ನು ನೆಟ್ಟಗೆ ಕಡಿದು ಬಿಟ್ಟರೆ ಚಳಿಗಾಲದ ಹಿಮ ಕಟ್ಟಿ ಕರಗಿ ಕುಸಿಯುತ್ತದೆ, ಅದನ್ನೂ ಓರೆಯಾಗಿ ಸವರಬೇಕು. 20ರಿಂದ 50 ಅಡಿಗೊಂದು ಕಡೆ ಏರುವ ದಾರಿ ಸ್ವಲ್ಪ ಇಳಿದು ಮತ್ತೆ ಏರಬೇಕು. ಸೈಕಲ್ಲಿಗೆ ಮಜಾ ಎಂದು ಹೊಸಬರು ತಿಳಿಯುವ ಆ ಉಬ್ಬುತಗ್ಗು ನೀರನ್ನು ಹೊರಗೆ ದಾಟಿಸಲೆಂದೇ ಇರುವುದು.

ತಿರುವುಗಳು ಕಷ್ಟದ ಕೆಲಸ. ಗುಡ್ಡ ಶೇ. 10ಕ್ಕಿಂತ ಕಡಿದಾಗಿದ್ದರೆ ಅಗಲವಾಗಿ ಸುತ್ತಿ ಏರುವ ತಿರುವು ನಿಲ್ಲದು, ಕಲ್ಲಿನ ತಡೆಗೋಡೆ ಕಟ್ಟಿ ಸಮತಟ್ಟು ಜಗಲಿ ಮಾಡಿ ತಿರುಗಿಸಬೇಕು. ಕೆಳಗಿನ ದಾರಿ ಮೇಲಿನಿಂದ ಕಂಡರೆ ಜನ ಅಡ್ಡ ಹಾಯುತ್ತಾರೆ, ನಡುವೆ ಬಂಡೆಯೋ ಬಿದ್ದ ಮರವೋ ಇರಲಿ. ಹಳ್ಳ ದಾಟುವಾಗ ನೇರ ಅಡ್ಡ ದಾಟಬೇಕು, ಎರಡೂ ಕಡೆಯಿಂದ ದಾರಿ ಹಳ್ಳಕ್ಕೆ ಇಳಿದು ಮತ್ತೆ ಏರಬೇಕು. ಇಲ್ಲವಾದರೆ ನೆರೆ ಬಂದಾಗ ಹಳ್ಳ ತನ್ನ ಪಾತ್ರ ಬಿಟ್ಟು ದಾರಿ ಹಿಡಿಯುತ್ತದೆ. ಸಣ್ಣ ಪೈಪು ಹಾಕಿ ಮೇಲೆ ಮಣ್ಣು ಮುಚ್ಚುವುದು ಬೇಡ, ಒಂದು ಶರತ್ಕಾಲದ ಎಲೆ ಸಾಕು ಅದು ಕಟ್ಟಿಕೊಳ್ಳಲು. ಅದರ ಬದಲು ಚಪ್ಪಟೆ ಕಲ್ಲುಗಳ ಬಹುಪಾಲು ನೆಲದೊಳಗೆ ಹೂತು ಹಾಸಬೇಕು.

ಬರೆಯುತ್ತಾ ಬರೆಯುತ್ತಾ ಮಲೆನಾಡೇ ಕಣ್ಮುಂದೆ ಬರುತ್ತದೆ. ಶೃಂಗೇರಿ, ತೀರ್ಥಹಳ್ಳಿ, ಸಿರ್ಸಿ ಕಡೆಯವರಿಗೆ ಇದರಲ್ಲಿ ಹೊಸತೇನಿದೆ? ರೋಹಿಣಿ ಮಳೆ ಹಿಡಿಯುವುದರೊಳಗೆ ಮನೆದಾರಿಯ ಚರಂಡಿ ಬಿಡಿಸಲೇಬೇಕು. ಹಾರೆ, ಗುದ್ದಲಿ ಹಿಡಿದು ಉಣುಗೋಲಿನಿಂದ ಅಂಗಳದವರೆಗೆ ಧರೆಯ ಬುಡದ ಸಾಲನ್ನು ಕೆತ್ತಿ, ತಿರುವಿಗೊಂದು ಕಡೆ ನೀರನ್ನು ಅಡ್ಡ ಕಡಿದು ಹಾಡ್ಯಕ್ಕೆ (ಪಕ್ಕದ ಕಾಡಿಗೆ) ಬಿಡುವುದು. ತೋಟದಲ್ಲಿ ಕಪ್ಪು (ನೀರು ಬಸಿಯುವ ಕಾಲುವೆ) ತೆಗೆಯುವುದು. ಹಳ್ಳಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ) ಹೊಸದಾಗಿ ಹಾಕುವುದು, ಹಳೆಯದನ್ನು ಎಷ್ಟೇ ಗಟ್ಟಿ ಕಂಡರೂ ನಂಬದಿರುವುದು. ಏರು ಜಾಸ್ತಿ ಇದ್ದಲ್ಲಿ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು. ಅದಕ್ಕೂ ಮೊದಲು, ಮಾಘ ಕಳೆದು ಎಲೆ ಉದುರುವ ಹೊತ್ತಿಗೆ, ಹೆಂಗಸರು ಮಕ್ಕಳು ಬುಟ್ಟಿ ಹೊತ್ತು ದರಕು (ಒಣಗಿದ ಎಲೆ) ಗುಡಿಸಲು ಹೋಗುತ್ತಿದ್ದರು. ಕೊಟ್ಟಿಗೆಗೆ ಹಾಸಲು, ಆಮೇಲೆ ಗೊಬ್ಬರಕ್ಕೆ. ಹಾಡ್ಯದ ನಡುವಿನ ಕಾಲುದಾರಿ ಆ ನೆಪದಲ್ಲಿ ಗುಡಿಸಿಟ್ಟಂತೆ ಇರುತ್ತಿತ್ತು, ಹಾವು ಮಲಗಿದ್ದರೂ ಕಾಣುತ್ತಿತ್ತು, ನೀರು ಕಟ್ಟುತ್ತಿರಲಿಲ್ಲ. ಯಾರೂ ಕ್ಲೈನೋಮೀಟರ್ ಹಿಡಿದಿರಲಿಲ್ಲ. ವರ್ಷಕ್ಕೆ 45 ಇಂಚಿನ ಆಸುಪಾಸು ಮಳೆಯ ಈ ಊರಿಗೆ ಹೋಲಿಸಿದರೆ ಅದರ ಹಲವು ಪಟ್ಟು ಮಳೆ ಕಾಣುವ ಆಗುಂಬೆಯ ಸುತ್ತಲಿನ ಜನ, ನೀರಿಗೆ ಮೊದಲು ಜಾಗ ತೋರಿಸಿ ಆಮೇಲೆ ತಾವು ನಡೆಯಲು ಜಾಗ ಮಾಡಿಕೊಂಡವರು. ಆ ತಿಳಿವಳಿಕೆ ನಮ್ಮಲ್ಲಿ ಹಲವರ ಕೈಯಲ್ಲಿ ಇನ್ನೂ ಇದೆ. ಅದು ಇಲ್ಲಿ ಈಗ ಬೇಕಾಗಿದೆ.

ಏಕೆಂದರೆ ದಾರಿ ಮಾಡಲು ಒಮ್ಮೆ ಹಣ ಸಿಗುತ್ತದೆ, ಯಂತ್ರ ಬರುತ್ತದೆ; ಪ್ರತಿ ವರ್ಷ ನೋಡಿಕೊಳ್ಳಲು ಕೈಗಳೇ ಬೇಕು. ಓಡಾಟದಿಂದ ದಾರಿಯ ನಡು ಕುಗ್ಗುತ್ತದೆ, ಹೊರ ಅಂಚಿನಲ್ಲಿ ಮಣ್ಣು ಬದುವಿನಂತೆ ಏಳುತ್ತದೆ, ನೀರು ಒಳಗೇ ಸಿಕ್ಕಿಬೀಳುತ್ತದೆ. ಆ ಬದುವನ್ನು ಕೆತ್ತಿ ತೆಗೆಯುವುದು ವರ್ಷದ ಮೊದಲ ಕೆಲಸ. ನೀರು ನಿಂತ ಕಡೆ ಸುಮಾರು 10 ಅಡಿ ಅಗಲದ ಅರ್ಧಚಂದ್ರಾಕಾರದ ತಗ್ಗು ಕಡಿದು ಹೊರಗೆ ಬಿಡಬೇಕು. ಕೆಸರಿಗೆ ಜಲ್ಲಿ ಸುರಿದರೆ ಜಲ್ಲಿ ಮುಳುಗುತ್ತದೆ, ಕೆಸರು ಹಾಗೇ ಉಳಿಯುತ್ತದೆ. ನವೆಂಬರಿನಲ್ಲಿ ಎಲೆ ಉದುರಿ ಮುಗಿದ ಮೇಲೆ ದಾರಿಯ ಎಲೆ ಊದಿ ತೆಗೆಯಬೇಕು, ಅದರಡಿ ಸಡಿಲ ಕಲ್ಲು ಅಡಗಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ರಾತ್ರಿ ಹೆಪ್ಪುಗಟ್ಟಿದ ನೆಲದ ಮೇಲ್ಪದರ ಮಾತ್ರ ಮಧ್ಯಾಹ್ನ ಕರಗುತ್ತದೆ. ಆಗ ಸೈಕಲ್ ಓಡಿಸಿದ ಪಟ್ಟೆ ಬೇಸಿಗೆಯಲ್ಲಿ ಗಟ್ಟಿಯಾಗಿ ಹಾಗೇ ಉಳಿಯುತ್ತದೆ. ಬೆಳಿಗ್ಗೆ ನೆಲ ಗಟ್ಟಿ ಇರುವಾಗ ಹೋಗಿ ಬನ್ನಿ. ಚಕ್ರದ ಗುರುತು ಮೂಡುತ್ತಿದೆ ಎಂದರೆ ದಯವಿಟ್ಟು ಹಿಂದಿರುಗಿ. ಕೆಸರಿನ ಗುಂಡಿ ಸುತ್ತಿಹೋಗಬೇಡಿ, ನಡುವೆಯೇ ಹೋಗಿ, ದಾರಿ ಅಗಲವಾಗುವುದು ತಪ್ಪುತ್ತದೆ. ಸೈಕಲ್ಲಿನವರು ನಡೆಯುವವರಿಗೆ, ಇಳಿಯುವವರು ಏರುವವರಿಗೆ ದಾರಿ ಬಿಡಬೇಕು. ಹೆಡ್‌ಫೋನ್ ಹಾಕಿ ನಡೆಯುವ ಅಣ್ಣಂದಿರು, ಅಕ್ಕಂದಿರು ಒಂದು ಕಿವಿಯಾದರೂ ಖಾಲಿ ಇಟ್ಟುಕೊಳ್ಳಿ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು ಒಟ್ಟಿಗೇ: ರಾಜ್ಯೋತ್ಸವ ಈ ತಿಂಗಳ ಮೂರನೇ ಶನಿವಾರ ಸಂಜೆ 4ಕ್ಕೆ, ಬಿಸಿಬೇಳೆಬಾತ್, ಮೊಸರನ್ನ ನಮ್ಮ ಬಳಗದ್ದು, ಸಿಹಿ, ಕೋಸಂಬರಿ ನೀವೇ ಹಂಚಿಕೊಂಡು ತರುವುದು, ಹಾಳೆಯಲ್ಲಿ ಇನ್ನೂ ಕೋಸಂಬರಿಯ ಮುಂದೆ ಯಾರ ಹೆಸರೂ ಇಲ್ಲ. ಮಕ್ಕಳ ನಾಟಕದ ತಾಲೀಮು ಭಾನುವಾರ ಬೆಳಿಗ್ಗೆ 10ಕ್ಕೆ, ತಡಮಾಡಬೇಡಿ. ಕನ್ನಡ ಶಾಲೆಗೆ ಥ್ಯಾಂಕ್ಸ್‌ಗಿವಿಂಗ್ ವಾರ ರಜೆ. ಸದಸ್ಯತ್ವ ನವೀಕರಣಕ್ಕೆ ಡಿಸೆಂಬರ್ 31 ಕೊನೆ. ಈ ಸುದ್ದಿಪತ್ರದ ಕರಡು ತಿದ್ದಲು, ಪುಟ ಜೋಡಿಸಲು ಇಬ್ಬರು ಬೇಕೇಬೇಕು. ಜನವರಿ ಸಂಚಿಕೆ ಒಬ್ಬರ ಕೈಯಲ್ಲಿ ಆಗುವ ಮಾತಲ್ಲ, ದಯವಿಟ್ಟು ಮುಂದೆ ಬನ್ನಿ.

ಥ್ಯಾಂಕ್ಸ್‌ಗಿವಿಂಗ್ ಕಳೆದ ಮರುವಾರದ ಶನಿವಾರ ಬೆಳಿಗ್ಗೆ 8ರಿಂದ 12ರವರೆಗೆ ಬ್ಲೋಯಿಂಗ್ ಸ್ಪ್ರಿಂಗ್ಸ್‌ನಲ್ಲಿ ದಾರಿ ಕೆಲಸ. ಕನಿಷ್ಠ 20 ಜನ ಬೇಕು, ಇದುವರೆಗೆ ಹೆಸರು ಕೊಟ್ಟವರು 7. ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ಅವರನ್ನೂ ಕರೆತನ್ನಿ; ಚರಂಡಿ ಬಿಡಿಸುವುದನ್ನು ಕೂತಲ್ಲಿಂದಲೇ ಹೇಳಿಕೊಟ್ಟರೂ ಸಾಕು. ಮಕ್ಕಳು ಎಲೆ ಎಳೆಯಬಹುದು, ಪಿಕಾಸಿ ಮುಟ್ಟುವಂತಿಲ್ಲ. ಬೀಸುವ ಹತಾರ ಹಿಡಿದವರ ನಡುವೆ 10 ಅಡಿ ಅಂತರ ಇರಲೇಬೇಕು. ಚೈನ್‌ಸಾ ತರಬೇತಿ ಪಡೆದವರಿಗೆ ಮಾತ್ರ. ಮುಚ್ಚಿದ ಬೂಟು, ಉದ್ದ ಪ್ಯಾಂಟು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟಿನ ಅಂಚು, ಏಕೆಂದರೆ ಬೆಚ್ಚನೆಯ ದಿನವಾದರೆ ರಕ್ತ ಹೀರುವ ಉಣ್ಣೆ ಹುಳು (ಟಿಕ್) ಈಗಲೂ ಇರುತ್ತದೆ. ಎಲೆ ಉದುರಿದ ಪಾಯ್ಸನ್ ಐವಿಯ ಬಳ್ಳಿಯಲ್ಲೂ ವಿಷವಿರುತ್ತದೆ, ಮರಕ್ಕೆ ಹಬ್ಬಿದ ರೋಮದಂಥ ಬೇರಿನ ಬಳ್ಳಿ ಕಂಡರೆ ಮುಟ್ಟಬೇಡಿ. ಜಿಂಕೆ ಬೇಟೆಯ ಕಾಲವಾದ್ದರಿಂದ ಕಿತ್ತಳೆ ಬಣ್ಣದ ಟೋಪಿ ಅಥವಾ ಅಂಗಿ ಹಾಕಿಕೊಳ್ಳಿ. ಹತಾರ ಅಲ್ಲೇ ಕೊಡುತ್ತಾರೆ, ಕೈಗವಸು ಮಾತ್ರ ಸಾಲದು. ಮನೆಯಲ್ಲಿ ಹೆಚ್ಚಿಗೆ ಇದ್ದರೆ ರಾಜ್ಯೋತ್ಸವದ ದಿನ ನೋಂದಣಿ ಮೇಜಿನ ಹತ್ತಿರ ಕೊಡಿ, ಹೆಸರನ್ನೂ ಅಲ್ಲೇ ಬರೆಸಿ.