ಗೊಂಬೆಚಿತ್ರ ಹಾಕುವ ಮುನ್ನ ಟಿ.ವಿ. ಸೆಟ್ಟಿಂಗ್ ನೋಡಿ

ಮಾನ್ಯರೇ,

ಕ್ರಿಸ್‌ಮಸ್ ರಜೆಗೆ ಮಕ್ಕಳೊಂದಿಗೆ ನೋಡಬಹುದಾದ ಚಿತ್ರಗಳ ಪಟ್ಟಿ ಬಂದಾಗಲೆಲ್ಲ ಅದರಲ್ಲಿ 1993ರ ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ಇದ್ದೇ ಇರುತ್ತದೆ. ಒಳ್ಳೆಯ ಆಯ್ಕೆಯೇ. ಆದರೆ ಈಗಿನ ಬಹಳಷ್ಟು ದುಬಾರಿ ಟಿ.ವಿ.ಗಳು ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ನಲ್ಲೇ ಓಡಿದರೆ ಈ ಚಿತ್ರವನ್ನು ಕೆಡಿಸಿಬಿಡುತ್ತವೆ. ಸರಿಪಡಿಸುವುದು ಎರಡು ನಿಮಿಷದ ಕೆಲಸ.

ಇದು ಕಂಪ್ಯೂಟರ್ ಕಾರ್ಟೂನ್ ಅಲ್ಲ. ಒಳಗೆ ಲೋಹದ ಕೀಲುಗಳಿರುವ ಗೊಂಬೆಗಳನ್ನು ಕೈಯಿಂದ ಕೂದಲೆಳೆಯಷ್ಟು ಸರಿಸಿ, ಒಂದೊಂದೇ ಚಿತ್ರ ತೆಗೆದು, ಸೆಕೆಂಡಿಗೆ 24ರಂತೆ ಜೋಡಿಸಿದ್ದು. 76 ನಿಮಿಷಕ್ಕೆ ಲೆಕ್ಕ ಹಾಕಿದರೆ ಲಕ್ಷ ದಾಟುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಸ್ಟುಡಿಯೊದಲ್ಲಿ ಸುಮಾರು ಮೂರು ವರ್ಷ ನಡೆದ ಕೆಲಸ ಇದು. ನಾಯಕ ಜ್ಯಾಕ್ ಎಂಬ ಅಸ್ಥಿಪಂಜರಕ್ಕೆ ಬೇರೆ ಬೇರೆ ಮುಖಭಾವದ ಸುಮಾರು 400 ತಲೆಗಳಿದ್ದವು; ಮಾತು, ಹಾಡು, ಸಿಟ್ಟು ಎಲ್ಲವೂ ತಲೆ ಬದಲಿಸಿಯೇ ಆದದ್ದು.

ನಿಜವಾದ ಮನುಷ್ಯ ಕೈ ಬೀಸಿದರೆ ಕ್ಯಾಮೆರಾದಲ್ಲಿ ಆ ಕೈ ಮಸುಕಾಗಿ ಬರುತ್ತದೆ. ಗೊಂಬೆ ಚಿತ್ರ ತೆಗೆಯುವಾಗ ನಿಶ್ಚಲವಾಗಿ ನಿಂತಿರುವುದರಿಂದ ಪ್ರತಿ ಚಿತ್ರವೂ ಚೂಪು, ಹಾಗಾಗಿ ಚಲನೆ ತುಸು ನಡುಗಿದಂತೆ ಕಾಣುತ್ತದೆ. ಆ ಸಣ್ಣ ಕಂಪನವೇ ಇಲ್ಲಿನ ಭಯದ ಮೂಲ, ಸೊಗಸೂ ಅದೇ. ಟಿ.ವಿ.ಯ ‘ಮೋಷನ್ ಸ್ಮೂದಿಂಗ್’ ಈ 24 ಚಿತ್ರಗಳ ನಡುವೆ ತನ್ನದೇ ಊಹೆಯ ಚಿತ್ರಗಳನ್ನು ತುರುಕುತ್ತದೆ. ಜ್ಯಾಕ್‌ನ ಕಡ್ಡಿಯಂಥ ಕೈಕಾಲು ವೇಗವಾಗಿ ಆಡಿದಾಗ ಅದರ ಊಹೆ ತಪ್ಪುತ್ತದೆ: ಅಂಚುಗಳಲ್ಲಿ ನೀರಿನಂಥ ಕಲಕು, ಬೆರಳಿನ ಹಿಂದೆ ಇನ್ನೊಂದು ಬೆರಳಿನ ನೆರಳು. ಉಳಿದೆಡೆ ನಯವಾಗಿ ಜಾರುವ ಅಗ್ಗದ ಧಾರಾವಾಹಿಯ ಕಳೆ.

ಸೋನಿಯಲ್ಲಿ ಇದರ ಹೆಸರು ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲ್ಯಾರಿಟಿ. ಪಿಕ್ಚರ್ ಸೆಟ್ಟಿಂಗ್‌ನೊಳಗೆ ಹುಡುಕಿ ಆಫ್ ಮಾಡಿ. ಚಿತ್ರವನ್ನು ತಯಾರಿಸಿದಂತೆಯೇ ತೋರಿಸುವ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದನ್ನೇ ಆಯ್ದುಕೊಂಡರೆ ಸಾಕು. ಎಷ್ಟೋ ಟಿ.ವಿ.ಗಳಲ್ಲಿ ಈ ಸೆಟ್ಟಿಂಗ್ ಪ್ರತಿ ಇನ್‌ಪುಟ್‌ಗೂ ಬೇರೆ. ಸೆಟ್‌ಟಾಪ್ ಬಾಕ್ಸ್‌ ಹಾಕಿಕೊಂಡು ಆಫ್ ಮಾಡಿದ್ದು ಟಿ.ವಿ.ಯೊಳಗಿನ ಆ್ಯಪ್‌ಗೆ ಅನ್ವಯಿಸದೇ ಹೋಗಬಹುದು. ಆದ್ದರಿಂದ ಚಿತ್ರ ಓಡುತ್ತಿರುವಾಗಲೇ ಬದಲಿಸಿ. ಆಫ್ ಮಾಡಿದ ಮೇಲೆ ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ತುಸು ಎಳೆದಂತೆ ಕಂಡರೆ ಗಾಬರಿ ಬೇಡ. 24 ಚಿತ್ರಗಳನ್ನು 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ತೋರಿಸುವ) ಪರದೆಗೆ ಹಂಚುವಾಗ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಬರುವುದರಿಂದ ಹಾಗಾಗುತ್ತದೆ. 120 ಹರ್ಟ್ಸ್ ಪರದೆಯಲ್ಲಿ ಪ್ರತಿಯೊಂದನ್ನೂ ಐದೈದು ಸಲ ತೋರಿಸಬಹುದು, ತೊಂದರೆ ಇಲ್ಲ.

ಬಣ್ಣ, ಅಂಚುಗಳನ್ನು ಎತ್ತಿ ತೋರಿಸುವ ‘ವಿವಿಡ್’ ಮೋಡ್ ಕೂಡ ಬೇಡ. ಜ್ಯಾಕ್ ಇರುವ ಹ್ಯಾಲೋವೀನ್ ಊರಿನ ಗೋಡೆ, ನೆಲಗಳ ಮೇಲೆ ಶಾಯಿಯಲ್ಲಿ ಬರೆದ ಚಿತ್ರದಂತೆ ಕಾಣಲೆಂದೇ ಗೀರುಗಳನ್ನು ಮೂಡಿಸಿದ್ದಾರೆ. ಶಾರ್ಪ್‌ನೆಸ್ ಏರಿಸಿದರೆ ಆ ಗೀರುಗಳ ಸುತ್ತ ಬಿಳಿ ಅಂಚು ಏಳುತ್ತದೆ. ಬೆಳಕಿಗೆ ತಕ್ಕಂತೆ ಪರದೆ ಮಂಕಾಗುವ ಇಕೋ ಸೆನ್ಸರ್ ಆನ್ ಇದ್ದರೆ, ಕೋಣೆಯ ದೀಪ ಆರಿಸಿದೊಡನೆ ಕಪ್ಪು ದೃಶ್ಯಗಳಲ್ಲಿ ಏನೂ ಕಾಣುವುದಿಲ್ಲ.

ಊಗಿ ಬೂಗಿ ಎಂಬ ಗೋಣಿಚೀಲದ ಭೂತ ಬರುವ ಭಾಗ ತೀರಾ ಚಿಕ್ಕ ಮಕ್ಕಳಿಗೆ ಜಾಸ್ತಿಯಾದೀತು. ಮೊದಲು ದೊಡ್ಡವರು ನೋಡಿ ತೀರ್ಮಾನಿಸಲಿ. ಕಥೆಯ ಬಹುಪಾಲು ಹಾಡುಗಳಲ್ಲೇ ಇರುವುದರಿಂದ ಸಬ್‌ಟೈಟಲ್ ಹಾಕಿಕೊಳ್ಳುವುದು ವಾಸಿ.

ಇನ್ನೊಂದು ಮಾತು. ಪಟ್ಟಿ ಮಾಡುವವರಲ್ಲಿ ಅನೇಕರು ನಿರ್ದೇಶಕ ಟಿಮ್ ಬರ್ಟನ್ ಎಂದೇ ಬರೆಯುತ್ತಾರೆ. ಮೂಲ ಕಥೆ, ಪಾತ್ರಗಳು ಬರ್ಟನ್‌ರವು, ನಿರ್ಮಾಪಕರಲ್ಲೊಬ್ಬರೂ ಹೌದು, ಪೋಸ್ಟರಿನಲ್ಲಿ ಅವರ ಹೆಸರೇ ದೊಡ್ಡದು. ನಿರ್ದೇಶಿಸಿದವರು ಹೆನ್ರಿ ಸೆಲಿಕ್. ಮುಂದಿನ ರಜೆಯ ಪಟ್ಟಿಯಲ್ಲಿ ಈ ಹೆಸರು ಸರಿಯಾಗಿ ಬರಲಿ, ಜೊತೆಗೆ ಸ್ಮೂದಿಂಗ್ ಆಫ್ ಮಾಡಿ ಎಂಬ ಒಂದು ಸಾಲೂ ಇರಲಿ.

– ಅನಿಮೇಷನ್ ಬೋಧಕರು, ಮೈಸೂರು