ಔಷಧ ಪಟ್ಟಿ ಉಗ್ರಾಣಕ್ಕೂ ಅನ್ವಯಿಸಲಿ

ಮಾನ್ಯರೇ,

ಸರ್ಕಾರಿ ಆಸ್ಪತ್ರೆಯ ವೈದ್ಯರು ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದನ್ನೇ ಬರೆಯಬೇಕು, ಹೊರಗಿನ ಅಂಗಡಿಗೆ ಚೀಟಿ ಕೊಡಬಾರದು ಎಂಬ ಸೂಚನೆ ಆಗಾಗ ಹೊರಡುತ್ತದೆ. ಹೊರಟಾಗಲೆಲ್ಲ ವೈದ್ಯರನ್ನು ದೂರುವವರ ಹಾಗೂ ಅವರ ಪರ ವಹಿಸುವವರ ನಡುವೆ ನಾಲ್ಕು ದಿನ ವಾದ ನಡೆದು ತಣ್ಣಗಾಗುತ್ತದೆ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಔಷಧ ವಿತರಿಸುವ ಕಿಟಕಿಯ ಹಿಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕುಳಿತಿದ್ದ ಫಾರ್ಮಸಿಸ್ಟ್ ನಾನು. ಅಲ್ಲಿಂದ ಕಂಡದ್ದನ್ನು ಹೇಳಬೇಕೆನಿಸಿದೆ.

ಪಟ್ಟಿ ಬೇಕೇ ಬೇಕು. 1975ರಲ್ಲೇ, ಔಷಧೋದ್ಯಮದ ಪರಿಶೀಲನೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಹಾಥಿ ಸಮಿತಿ ನಮ್ಮ ದೇಶಕ್ಕೆ 117 ಔಷಧಗಳು ಅತ್ಯಗತ್ಯವೆಂದು ಗುರುತಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಪಟ್ಟಿ ಬಂದದ್ದು ಅದಾಗಿ ಎರಡು ವರ್ಷಕ್ಕೆ. ನಮ್ಮ ರಾಷ್ಟ್ರೀಯ ಪಟ್ಟಿಯ 2022ರ ಆವೃತ್ತಿಯಲ್ಲಿ 384 ಔಷಧಗಳಿವೆ, ಹೊಟ್ಟೆಯ ಆಮ್ಲ ತಗ್ಗಿಸಲು ಮನೆಮನೆಯಲ್ಲೂ ಹೆಸರಾಗಿದ್ದ ರ‍್ಯಾನಿಟಿಡಿನ್ ಅದರಿಂದ ಹೊರಬಿದ್ದಿದೆ. ಔಷಧ ಕಂಪನಿಯ ಪ್ರತಿನಿಧಿ ಬಂದುಹೋದ ವಾರ ಒಂದೇ ಹೆಸರಿನ ಟಾನಿಕ್ಕು ಹತ್ತಾರು ಚೀಟಿಗಳಲ್ಲಿ ಕಾಣಿಸಿಕೊಳ್ಳುವುದನ್ನು ನಾನೇ ನೋಡಿರುವುದರಿಂದ, ವೈದ್ಯರಿಗೆ ಪೂರ್ಣ ಸ್ವಾತಂತ್ರ್ಯವಿರಲಿ ಎಂಬ ವಾದವನ್ನು ಒಪ್ಪಲಾರೆ.

ತೊಡಕಿರುವುದು ಪಟ್ಟಿಗೂ ಕಪಾಟಿಗೂ ನಡುವಿನ ಅಂತರದಲ್ಲಿ. ರಾಷ್ಟ್ರೀಯ ಪಟ್ಟಿಯಲ್ಲಿ ಪ್ರತಿ ಔಷಧದ ಮುಂದೆ ಅದು ಪ್ರಾಥಮಿಕ, ದ್ವಿತೀಯ, ತೃತೀಯ ಹಂತಗಳಲ್ಲಿ ಯಾವ ಆಸ್ಪತ್ರೆಗೆ ಸೇರಿದ್ದೆಂದು ಗುರುತು ಹಾಕಿರುತ್ತಾರೆ. ಕಾಯಿಲೆ ಮಾತ್ರ ಹಂತ ನೋಡಿಕೊಂಡು ಬರುವುದಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದ್ದ ರೈತರೊಬ್ಬರು ತಿಂಗಳಿಗೊಮ್ಮೆ ಬಂದು, ಮಾತ್ರೆ ಮುಗಿದ ಹಾಳೆಯನ್ನು ಕಿಟಕಿಯ ಕಂಬಿಯ ಸಂದಿನಿಂದ ಒಳಗೆ ತೂರಿಸಿ, ‘ಇದೇ ಕೊಡಿ ಸಾರ್, ಬೇರೆ ಬೇಡ’ ಎನ್ನುತ್ತಿದ್ದರು. ಅದು ನಮ್ಮ ಹಂತದ ಔಷಧವಲ್ಲ. ಹಾಳೆಯನ್ನು ಜೇಬಿಗಿಟ್ಟುಕೊಂಡು ರಸ್ತೆ ದಾಟಿ ಮೆಡಿಕಲ್ ಸ್ಟೋರಿಗೆ ಹೋಗುತ್ತಿದ್ದರು. ಅಲ್ಲಿ ಹತ್ತರ ಹಾಳೆಯನ್ನು ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಿದ್ದುದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ನಾಲ್ಕು ದಿನದ ಔಷಧವನ್ನು ಅವರು ಎಷ್ಟು ದಿನ ನುಂಗುತ್ತಿದ್ದರೋ, ನಾನು ಕೇಳಲಿಲ್ಲ. ಚೀಟಿ ನಿಷೇಧಿಸಿದ ಮಾತ್ರಕ್ಕೆ ಅಂಥವರ ಖರ್ಚು ಉಳಿಯುವುದಿಲ್ಲ. ವೈದ್ಯರು ಕಾಗದದಲ್ಲಿ ಬರೆಯುವ ಬದಲು ಬಾಯಲ್ಲಿ ಹೇಳುತ್ತಾರೆ, ಆಗ ಲೆಕ್ಕವೂ ಸಿಗುವುದಿಲ್ಲ.

ಪಟ್ಟಿಯಲ್ಲಿ ಇರುವುದಾದರೂ ನಂಬಿಕೆಯಿಂದ ಬರೆಯುವಂತಿರಬೇಕಲ್ಲ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಸರ್ಕಾರವೇ ಪೂರೈಸಿದ್ದ, ಡ್ರಿಪ್ ಮೂಲಕ ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು. ಪಕ್ಕದ ತಮಿಳುನಾಡಿನಲ್ಲಿ ವೈದ್ಯಕೀಯ ಸೇವಾ ನಿಗಮವು ತೊಂಬತ್ತರ ದಶಕದಿಂದಲೇ ಆಸ್ಪತ್ರೆಗಳಿಗೆ ಪಾಸ್‌ಬುಕ್ ಕೊಟ್ಟಿದೆ. ಅದರಲ್ಲಿ ನಮೂದಾದ ಮೊತ್ತದೊಳಗೆ ಆಸ್ಪತ್ರೆ ತನಗೆ ಬೇಕಾದ ಔಷಧವನ್ನು ಜಿಲ್ಲಾ ಉಗ್ರಾಣದಿಂದ ಎತ್ತಿಕೊಳ್ಳುತ್ತದೆ, ಮತ್ತು ಮಾದರಿ ಪರೀಕ್ಷೆಯಾಗದೆ ಸರಕು ಉಗ್ರಾಣದಿಂದ ಹೊರಡುವಂತಿಲ್ಲ. ನಮ್ಮ ಕಡೆ ನಾವು ಕೇಳಿದ್ದು ಬಾರದೆ, ಕೇಳದೇ ಇದ್ದದ್ದು, ಅದೂ ಅವಧಿ ಮುಗಿಯಲು ಮೂರು ತಿಂಗಳಿರುವಾಗ, ಪೆಟ್ಟಿಗೆಗಟ್ಟಲೆ ಬಂದಿಳಿದ ದಿನಗಳಿದ್ದವು.

ಇನ್ನು ಕೆಲವು ರೋಗಿಗಳಿಗೆ ಪಟ್ಟಿಯಾಚೆಯ ದಾರಿಯನ್ನೂ ಇಡಲೇಬೇಕು. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧದಲ್ಲಿ ತಯಾರಕರು ಬದಲಾದರೂ ರಕ್ತದಲ್ಲಿನ ಪ್ರಮಾಣ ಏರುಪೇರಾಗುವ ಸಂಭವವಿದೆ. ಫಿಟ್ಸ್ ಹತೋಟಿಗೆ ಬಂದಿರುವ ಮಗುವಿಗೆ ಪ್ರತಿ ಟೆಂಡರಿಗೊಂದು ಕಂಪನಿಯ ಮಾತ್ರೆ ನುಂಗಿಸುವುದು ಸರಿಯಲ್ಲ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕಂಪನಿಯ ಬ್ರಾಂಡ್ ಬಿಟ್ಟು ಔಷಧದ ಮೂಲ (ಜೆನೆರಿಕ್) ಹೆಸರಿನಲ್ಲೇ ಬರೆಯಬೇಕೆಂದು ನಿಯಮ ಹೊರಡಿಸಿ ಅದೇ ತಿಂಗಳು ತಡೆಹಿಡಿದದ್ದರ ಹಿಂದೆಯೂ ಗುಣಮಟ್ಟದ ಈ ಅಳುಕು ಒಂದು ಕಾರಣವಾಗಿತ್ತು.

ಆದ್ದರಿಂದ ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟು: ಪಟ್ಟಿಯಾಚೆಯ ಔಷಧ ಬರೆಯುವ ವೈದ್ಯರು ಕಾರಣವನ್ನು ಹೊರರೋಗಿ ಚೀಟಿಯಲ್ಲೇ ನಮೂದಿಸಲಿ, ಆ ಔಷಧವನ್ನು ಆಸ್ಪತ್ರೆ ಮಟ್ಟದ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಆಸ್ಪತ್ರೆಯೇ ಕೊಂಡುಕೊಡಲಿ, ಮತ್ತು ಉಗ್ರಾಣಕ್ಕೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದರೂ ಬಾರದ ಔಷಧಗಳ ಹೆಸರನ್ನು ಪ್ರತಿ ತಿಂಗಳು ವಿತರಣಾ ಕಿಟಕಿಯ ಪಕ್ಕ, ರೋಗಿಗಳಿಗೆ ಕಾಣುವಂತೆ ಅಂಟಿಸಲಿ.

– ನಿವೃತ್ತ ಫಾರ್ಮಸಿಸ್ಟ್, ತುಮಕೂರು ಜಿಲ್ಲೆ