ಮಗಳಿಗೊಂದು ಪತ್ರ: ನಿನ್ನ ಪಾಲಿನ ಪ್ರಾರ್ಥನೆ

ಕೋಲಾರ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆಗಳು. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಬಹುದಿತ್ತು, ಆದರೆ ಅಪ್ಪ ಪಕ್ಕದಲ್ಲೇ ಇದ್ದರು. ಪಾರ್ಶ್ವವಾಯು ಹೊಡೆದ ಮೇಲೆ ಅವರಿಗೆ ಮಾತು ಹೊರಡದಿದ್ದರೂ ಕೇಳಿದ್ದೆಲ್ಲ ಅರ್ಥವಾಗುತ್ತದೆ. ಟೊಮೆಟೊ ಸೀಸನ್ನಿನಲ್ಲಿ ರಾತ್ರಿಯಿಡೀ ಗಾಡಿ ಓಡಿಸಿ ಬಂದರೂ ಭಾನುವಾರದ ಆರಾಧನೆ ತಪ್ಪಿಸದವರಿಗೇ ಹೀಗಾಯಿತಲ್ಲ, ಇನ್ನು ನಾನು ಯಾವ ಬಾಯಿಂದ ಪ್ರಾರ್ಥಿಸಲಿ ಎಂದೆ ನೀನು. ಹಾಸ್ಟೆಲಿನಲ್ಲಿ ಮಂಡಿಯೂರಿದರೆ ಒಂದು ಮಾತೂ ಬರುವುದಿಲ್ಲ ಎಂದೆ.

ಬಾರದಿದ್ದರೆ ಬಿಡು ಮಗಳೇ. ನಿನ್ನ ಪಾಲಿನದನ್ನು ಸದ್ಯಕ್ಕೆ ನಾವು ಮಾಡುತ್ತೇವೆ. ನಿನ್ನನ್ನು ಸುಮ್ಮನಾಗಿಸಲು ಹೀಗೆ ಹೇಳುತ್ತಿಲ್ಲ. ಅಪ್ಪ ಹಾಸಿಗೆ ಹಿಡಿದಾಗಿನಿಂದ ನಾನು ಬದುಕಿರುವುದೇ ಹಾಗೆ.

ಆ ರಾತ್ರಿಯ ವಿಷಯ ನಿನಗೆ ಪೂರ್ತಿಯಾಗಿ ಯಾರೂ ಹೇಳಿಲ್ಲ. ನಿನ್ನ ಪರೀಕ್ಷೆ ನಡೆಯುತ್ತಿತ್ತು. ಎಪಿಎಂಸಿ ಮಾರುಕಟ್ಟೆಯಲ್ಲಿ ಲೋಡ್ ಆಗುವವರೆಗೆ ಅಪ್ಪ ಗಾಡಿಯೊಳಗೇ ಮಲಗಿದ್ದರು. ಬಾಕ್ಸುಗಳನ್ನೆಲ್ಲ ಏರಿಸಿದ ಮೇಲೆ ಹಮಾಲರು ಬಂದು ಎಬ್ಬಿಸಿದರೆ ಬಲಗೈ, ಬಲಗಾಲು ಅಲುಗಾಡಲಿಲ್ಲ, ಬಾಯಿ ಸೊಟ್ಟಗಾಗಿತ್ತು. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಿದ್ದೆಯಲ್ಲೇ ಆದದ್ದರಿಂದ ಯಾವಾಗ ಶುರುವಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ನೀನು ಊರಲ್ಲಿ ಇದ್ದಿದ್ದರೆ ಬೇರೆಯಾಗುತ್ತಿತ್ತೇನೋ ಎಂದು ಕೊರಗುತ್ತೀಯಲ್ಲ, ಅದಕ್ಕಾಗಿ ಇದನ್ನು ಬರೆದೆ.

ಬೆಂಗಳೂರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ನನಗೂ ಪ್ರಾರ್ಥನೆ ಬರಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠವಾದ ಕೀರ್ತನೆಗಳಲ್ಲಿ ಒಂದು ಸಾಲೂ ನೆನಪಾಗಲಿಲ್ಲ. ಬೆಳಗಿನ ಬಸ್ಸು ಹಿಡಿದು ನಮ್ಮ ಹೆಂಗಸರ ಕೂಟದ ಇಬ್ಬರು ಬಂದರು. ಬಂದವರು ಏನನ್ನೂ ಬೋಧಿಸಲಿಲ್ಲ. ಒಬ್ಬರು ನನ್ನ ಕೈಗೆ ಇಡ್ಲಿಯ ಪೊಟ್ಟಣ ಕೊಟ್ಟು, ನಾನು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕೂತು ಮೆಲ್ಲಗೆ ಪ್ರಾರ್ಥಿಸಿದರು. ಇನ್ನೊಬ್ಬರು ಔಷಧಿ ಚೀಟಿ ಹಿಡಿದು ಸಾಲಿನಲ್ಲಿ ನಿಂತರು. ಕೊನೆಗೆ "ಆಮೆನ್" ಎಂದಷ್ಟೇ ಹೇಳಲು ನನ್ನಿಂದಾಯಿತು. ಅಂದು ನನ್ನ ನಂಬಿಕೆಯೆಂದರೆ ಅಷ್ಟೇ, ಅದೂ ಅವರ ಪ್ರಾರ್ಥನೆಗೆ ಸೇರಿಸಿ ಹೇಳಿದ್ದು.

ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ನೀನು ಸಂಡೇ ಸ್ಕೂಲಿನಲ್ಲಿ ಚಿತ್ರ ಬರೆದು ಕಲಿತಿದ್ದೆ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನಜಂಗುಳಿ. ಮಾಳಿಗೆ ಹತ್ತಿ, ಅದನ್ನು ಕಿತ್ತು, ಹಾಸಿಗೆಯನ್ನು ಒಳಗೆ ಇಳಿಸುತ್ತಾರೆ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಹಾಸಿಗೆಯಲ್ಲಿ ಮಲಗಿದ್ದವನು ನಂಬಿದನೋ ಇಲ್ಲವೋ, ಪ್ರಾರ್ಥಿಸಿದನೋ ಇಲ್ಲವೋ, ಮಾರ್ಕನು ಬರೆದೇ ಇಲ್ಲ. ಇಷ್ಟು ವರ್ಷ ಓದಿದ್ದರೂ ನನ್ನ ಕಣ್ಣು ಗುಣವಾಗಿ ಎದ್ದು ನಡೆದವನ ಮೇಲೆಯೇ ಇರುತ್ತಿತ್ತು. ಈಗ ಹೊತ್ತವರ ಹೆಗಲು ಕಾಣುತ್ತದೆ. ನಿನ್ನ ಅಪ್ಪ ಇನ್ನೂ ಎದ್ದು ನಡೆದಿಲ್ಲ. ನಡೆಯುತ್ತಾರೋ ಇಲ್ಲವೋ ವೈದ್ಯರೂ ಹೇಳಿಲ್ಲ. ಆದರೂ ಹೊತ್ತವರು ಇದ್ದಾರೆ, ಅದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ.

ಹೇಗೆಂದು ಹೇಳುತ್ತೇನೆ ಕೇಳು. ನಮ್ಮ ಚರ್ಚಿನ ಮೆಟ್ಟಿಲು ನಿನಗೆ ಗೊತ್ತಲ್ಲ, ಸಣ್ಣವು, ಆದರೆ ಕಡಿದು. ಯುವಜನರ ಕೂಟದ ಹುಡುಗರು ಅಪ್ಪನನ್ನು ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ಎದೆಗೆ ಟವೆಲ್ ಸುತ್ತಿ ಹಿಂದಕ್ಕೆ ಗಂಟು ಹಾಕುತ್ತಾರೆ. ಒಬ್ಬ ಹುಡುಗ ಬರೀ ಬಲಗಾಲನ್ನು ಹಿಡಿದುಕೊಳ್ಳುತ್ತಾನೆ, ಅದು ಮೆಟ್ಟಿಲಿಗೆ ತಾಗಿದರೂ ಅಪ್ಪನಿಗೆ ತಿಳಿಯುವುದಿಲ್ಲವಲ್ಲ. ಮೊದಲ ಸಲ ಅಪ್ಪ ನಾಚಿಕೆಯಿಂದ ಮುಖ ತಿರುಗಿಸಿಕೊಂಡರು. ಈಗ ಕುರ್ಚಿ ಹತ್ತಿರ ಬಂದರೆ ತಾವೇ ಎಡಗೈ ಚಾಚುತ್ತಾರೆ.

ಗಾಡಿಯ ಸಾಲದ ಕಂತು ನಿಂತಾಗ ಫೈನಾನ್ಸಿನವರು ಮನೆ ಬಾಗಿಲಿಗೆ ಬಂದರು. ನಮ್ಮ ಸಭೆಯ ಖಜಾಂಚಿ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಕಾಗದಪತ್ರವನ್ನೆಲ್ಲ ಹರಡಿಕೊಂಡು ಕೂತು, ಫೈನಾನ್ಸಿನವರ ಜೊತೆ ಮಾತಾಡಿ, ಗಾಡಿ ಜಪ್ತಿಯಾಗುವ ಮೊದಲೇ ಒಳ್ಳೆಯ ಬೆಲೆಗೆ ಮಾರಿಸಿದರು. ಸಾಲ ತೀರಿ, ನಿನ್ನ ಈ ವರ್ಷದ ಫೀಸಿಗೆ ಆಗುವಷ್ಟು ಉಳಿಯಿತು. ರೇಷನ್ನಿನ ಮೇಲೆ ಮನೆಗೆ ಬೇಕಾಗುವ ರಾಗಿ, ಅಕ್ಕಿ ಹೆಂಗಸರ ಕೂಟದಿಂದ ಬರುತ್ತದೆ. ಅಡುಗೆಗೆ ಅಳೆಯುವಾಗ ಒಂದು ಹಿಡಿ ದೇವರಿಗೆಂದು ತೆಗೆದಿಡುತ್ತಾರಲ್ಲ, ಅದೇ. ನಾನೂ ಪ್ರತಿದಿನ ಒಂದು ಹಿಡಿ ತೆಗೆದಿಡುತ್ತೇನೆ. ಪಡೆಯುವವಳು ಕೊಡಬಾರದೆಂದು ಯಾರೂ ಹೇಳಿಲ್ಲ.

ಬಂದವರೆಲ್ಲ ಹೀಗೆಯೇ ಇದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ಮನೆಯಲ್ಲಿ ಬಚ್ಚಿಟ್ಟ ಪಾಪವೇನಾದರೂ ಇರಬೇಕು ಎಂದವರು ಇದ್ದಾರೆ. ನಂಬಿಕೆ ಸಾಲದು, ಮಾತ್ರೆ ನಿಲ್ಲಿಸಿ ನಮ್ಮ ಕೂಟಕ್ಕೆ ಕರೆತನ್ನಿ ಎಂದವರೂ ಇದ್ದಾರೆ. ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರೆ ಇನ್ನೊಂದು ಸಲ ಹಾಗೇ ಆಗಬಹುದೆಂದು ಡಾಕ್ಟರು ಎಚ್ಚರಿಸಿದ್ದಾರೆ, ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಹುಟ್ಟು ಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಯೇಸು ಇವನೂ ಅಲ್ಲ, ಅವರೂ ಅಲ್ಲ ಎಂದುಬಿಟ್ಟರು. ಅದಾದ ಮೇಲೂ ಕ್ರೈಸ್ತರೆನಿಸಿಕೊಂಡವರು ಅದೇ ಪ್ರಶ್ನೆ ಹಿಡಿದುಕೊಂಡು ರೋಗಿಯ ಮನೆಗೆ ಬರುವುದು ನನಗೆ ಸಹಿಸಲಾಗದು. ನಿನ್ನ ಕಿವಿಗೂ ಅಂಥ ಮಾತು ಬಿದ್ದಿದೆಯೆಂದು ನನಗೆ ಅನುಮಾನ. ಬಿದ್ದಿದ್ದರೆ ಅಲ್ಲಿಯೇ ಬಿಟ್ಟುಬಿಡು.

ನಮ್ಮ ಸಭೆ ಹುಟ್ಟಿದ್ದು ಹೇಗೆಂದು ಅಪ್ಪ ನಿನಗೆ ಹೇಳುತ್ತಿದ್ದರು. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯೇ ಬರಿದಾಗಿ, ಹೆತ್ತವರನ್ನು ಕಳೆದುಕೊಂಡ ಮಕ್ಕಳು ಬೀದಿ ಪಾಲಾದರು. ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಹೆಣ್ಣುಮಗಳು ಅಂಥ ಮಕ್ಕಳನ್ನು ಕೋಲಾರದಲ್ಲಿ ಸಾಕಿದರು. 1890ರಲ್ಲಿ ಆ ಕೆಲಸವನ್ನು ಮೆಥಡಿಸ್ಟ್ ಮಿಷನ್ ವಹಿಸಿಕೊಂಡಿತು. ನಮ್ಮೂರಿನ ಇಟಿಸಿಎಂ ಆಸ್ಪತ್ರೆ ಎದ್ದದ್ದು ಆಮೇಲೆ, ಅದೇ ಮಿಷನ್ನಿನ ಕೆಲಸದಿಂದ. ಅಪ್ಪನ ಹಿರಿಯರೂ ಆ ಮಕ್ಕಳಲ್ಲಿ ಒಬ್ಬರೆಂದು ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ತಾಯಿ ಸತ್ತ ಮಗು ಪ್ರಾರ್ಥನೆ ಕಲಿತು ಬಂದಿರಲಿಲ್ಲ, ಮಗಳೇ. ಮೊದಲು ಗಂಜಿ ಸಿಕ್ಕಿತು, ಮೈಗೆ ಬಟ್ಟೆ ಸಿಕ್ಕಿತು, ಪ್ರಾರ್ಥನೆ ಆಮೇಲೆ ಬಂತು. ನಿನಗೂ ಅದೇ ಕ್ರಮದಲ್ಲಿ ಬಂದರೆ ತಪ್ಪೇನು?

ಇನ್ನೊಂದು ವಿಷಯ, ಇದನ್ನು ಬರೆಯಬೇಕೆಂದೇ ಪೆನ್ನು ಹಿಡಿದೆ. ಅಪ್ಪನಿಗೆ ನೀರು ಬೇಕಾದರೆ "ನೀರು" ಎನ್ನಲು ಆಗುವುದಿಲ್ಲ, ಲೋಟ ತೋರಿಸುತ್ತಾರೆ. ನನ್ನ ಹೆಸರೂ ಹೊರಡುವುದಿಲ್ಲ. ಈ ದಿನ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆ ಶುರುವಾಯಿತು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಎಲ್ಲರೂ ಹೇಳುವಾಗ ನನ್ನ ಎಡಕ್ಕೆ ಗೊಗ್ಗರು ದನಿಯೊಂದು ಕೇಳಿಸಿತು. ತಿರುಗಿ ನೋಡಿದರೆ ಅಪ್ಪ. ಶಬ್ದಗಳು ತೊದಲುತ್ತಿದ್ದವು, ಆದರೆ "ಅನುದಿನದ ಆಹಾರವನ್ನು" ಎಂಬಲ್ಲಿ ಒಂದಕ್ಷರವೂ ತಪ್ಪಲಿಲ್ಲ. ಸಭೆ ನಿಲ್ಲಿಸಿದಾಗ ಅವರದೂ ನಿಂತಿತು. ಮನೆಗೆ ಬಂದು ಒಬ್ಬರೇ ಹೇಳಲು ನೋಡಿದರು, ಆಗಲಿಲ್ಲ. ನಾನು ಜೊತೆಗೂಡಿದೆ, ಮತ್ತೆ ಬಂತು.

ಸಂಜೆ ಫಿಸಿಯೋಥೆರಪಿಯ ಹುಡುಗಿಗೆ ಫೋನಿನಲ್ಲಿ ಹೇಳಿದೆ. ಮಾತು ಹೋದವರಲ್ಲಿಯೂ ಬಾಯಿಪಾಠವಾದ ಪ್ರಾರ್ಥನೆ, ಹಾಡು, ಎಣಿಕೆ ಉಳಿದಿರುವುದುಂಟು, ಜೊತೆಗೆ ಹೇಳಿಕೊಡಿ, ಹಾಡಿಸಿ ಎಂದಳು. ಅವಳು ಹೇಳಿದ್ದು ನಿಜ. ಅದು ಉಳಿಯುವಂತೆ ನಮ್ಮನ್ನು ಉಂಟುಮಾಡಿದವನಿಗೆ ನಾನು ಸ್ತೋತ್ರ ಹೇಳಿದ್ದೂ ನಿಜ.

ಸತ್ಯವೇದ ತೆರೆಯಬೇಕೆನಿಸಿದರೆ 88ನೇ ಕೀರ್ತನೆ ಓದು. ಅದರಲ್ಲಿ ಸಮಾಧಾನವಿಲ್ಲ, ಕತ್ತಲೆ ಎಂಬಲ್ಲಿಗೇ ಮುಗಿದುಹೋಗುತ್ತದೆ. ಅಷ್ಟು ಸಿಟ್ಟು, ಅಷ್ಟು ದುಃಖವನ್ನು ಯಾರೂ ಅಳಿಸಿಹಾಕದೆ ಸತ್ಯವೇದದಲ್ಲಿ ಇಟ್ಟಿದ್ದಾರೆ. ನಿನ್ನ ಸಿಟ್ಟನ್ನು ದೇವರಿಂದ ಮುಚ್ಚಿಡಬೇಕಾಗಿಲ್ಲ. ಓದಬೇಕೆನಿಸದಿದ್ದರೆ ಅದನ್ನೂ ಬಿಡು.

ಬೇಳೆ ಹುರಿದು ಮಾಡಿದ ಚಟ್ನಿಪುಡಿ, ರಾಗಿ ಹುರಿಹಿಟ್ಟು ಕಳಿಸಿದ್ದೇನೆ. ಬೆಳಗ್ಗೆ ಏನೂ ತಿನ್ನದೆ ಕಾಲೇಜಿಗೆ ಹೋಗಬೇಡ. ಫೀಸಿನ ರಸೀದಿಯನ್ನು ಜೋಪಾನವಾಗಿ ಇಟ್ಟುಕೋ, ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾಗುತ್ತದೆ. ರಜೆಗೆ ಬಂದಾಗ ಅಪ್ಪನ ಬಲಗೈ ಬೆರಳುಗಳನ್ನು ಹೇಗೆ ಬಿಡಿಸಿ ನೀವಬೇಕೆಂದು ಕಲಿಸುತ್ತೇನೆ. ಮೊದಲು ಹೆಬ್ಬೆರಳು, ಆಮೇಲೆ ಉಳಿದವು.

ವಿಜ್ಞಾಪನೆ ಪ್ರಾರ್ಥನೆಗೆ ಹೆಸರು ಕೊಡಿ ಎಂದು ಪಾದ್ರಿಗಳು ಕೇಳಿದಾಗ ಅಪ್ಪನ ಹೆಸರಿನ ಕೆಳಗೆ ನಿನ್ನದನ್ನೂ ಬರೆದುಕೊಟ್ಟಿದ್ದೇನೆ. ಕಾರಣ ಹೇಳಿಲ್ಲ, ಅವರೂ ಕೇಳಲಿಲ್ಲ. ಇಡೀ ಸಭೆಯ ಮುಂದೆ ನಿನ್ನ ಹೆಸರು ಓದುವುದು ಬೇಡವೆನಿಸಿದರೆ ತಿಳಿಸು, ಅಲ್ಲಿ ನಿಲ್ಲಿಸಲು ಹೇಳುತ್ತೇನೆ. ಮನೆಯಲ್ಲಿ ಮಾತ್ರ ನಿಲ್ಲಿಸುವುದಿಲ್ಲ.

ನಿನ್ನ ಅಮ್ಮ